ಕಾರ್ಖಾನೆಯ ರೇಸ್ ಷೆಲ್ ಮಾರುವ ಲೆಕ್ಕ

ರೇಸ್ ಕಾರಿನ ಷೆಲ್ ಎಂದರೆ ಎಂಜಿನ್, ಚಕ್ರ, ಗಾಜು, ಸೀಟು ಯಾವುದೂ ಇಲ್ಲದ, ವೆಲ್ಡಿಂಗ್ ಮುಗಿದ ಬರಿಯ ಉಕ್ಕಿನ ಮೈ. ಫೋರ್ಡ್ ಕಂಪನಿ 1980ರ ದಶಕದಲ್ಲಿ ಸಿಯೆರಾ ಆರ್‌ಎಸ್ ಕಾಸ್‌ವರ್ತ್ ಕಾರಿಗೆ ಇಂಥ ಷೆಲ್‌ಗಳನ್ನು ಮಾಡಿಸಿ, ತನ್ನ ಮೋಟಾರ್‌ಸ್ಪೋರ್ಟ್ ವಿಭಾಗದ ಮೂಲಕ ರೇಸ್ ತಂಡಗಳಿಗೆ ಮಾರಿತು. ಪಾರ್ಟ್ ನಂಬರಿನಿಂದಾಗಿ ಅವಕ್ಕೆ ‘909 ಷೆಲ್’ ಎಂದೇ ಹೆಸರು.

ಗ್ರೂಪ್ ಎ ಎಂಬ ವರ್ಗದ ರೇಸಿಗೆ ಇಳಿಯಲು ಮೂಲ ಮಾದರಿಯ 5,000 ಕಾರು, ಸುಧಾರಿಸಿದ ಮಾದರಿಯಾದರೆ ಇನ್ನೂ 500 ಕಾರು ತಯಾರಾಗಬೇಕಿತ್ತು. ಸಿಯೆರಾದ ಸುಧಾರಿಸಿದ ಮಾದರಿಯಾದ 1987ರ ಆರ್‌ಎಸ್500 ಹುಟ್ಟಿದ್ದೇ ಹಾಗೆ. 1988 ಮತ್ತು 1989ರಲ್ಲಿ ಆಸ್ಟ್ರೇಲಿಯಾದ ಬಾಥರ್ಸ್ಟ್ ರೇಸ್ ಗೆದ್ದದ್ದು ಇದೇ ಕಾರು. ರಸ್ತೆಗೆಂದು ಮಾಡಿದ ಒಂದು ಆರ್‌ಎಸ್500, 2023ರಲ್ಲಿ ಬ್ರಿಟನ್ನಿನ ಹರಾಜಿನಲ್ಲಿ ಸುಮಾರು 5.96 ಲಕ್ಷ ಪೌಂಡಿಗೆ ಹೋಯಿತು. ಆ ಮೊತ್ತ ನೋಡಿ ಷೆಲ್ಲಿಗೆ ಬೆಲೆ ಕಟ್ಟುವುದು ತಪ್ಪು. ಅಲ್ಲಿ ಮಾರಾಟವಾದದ್ದು ನಂಬರು, ದಾಖಲೆ, ಓಡಿದ ಮೈಲಿಗಳ ಲೆಕ್ಕ ಎಲ್ಲ ಇದ್ದ ಇಡೀ ಕಾರು.

ಷೆಲ್ಲಿನ ಬೆಲೆ ಇರುವುದು ಅದನ್ನು ಯಾರೂ ಮುಟ್ಟಿಲ್ಲ ಎಂಬುದರಲ್ಲಿ. ಬೋಲ್ಟು ಒಮ್ಮೆಯೂ ಕೂರದ ತೂತಿನ ಅಂಚಿನಲ್ಲಿ ಪ್ರೈಮರ್ ಹಾಗೇ ಇರುತ್ತದೆ. ಒಮ್ಮೆ ಬಿಗಿದಿದ್ದರೆ ವಾಷರಿನ ಉಂಗುರ ಗುರುತು ಬಿದ್ದಿರುತ್ತದೆ. ತಿಳಿದವರು ಟಾರ್ಚ್ ಹಿಡಿದು ಮೊದಲು ನೋಡುವುದು ಇದನ್ನೇ. ಮಾರುವ ಮುನ್ನ ಚೆನ್ನಾಗಿ ಕಾಣಲೆಂದು ಬಣ್ಣ ಬಳಿಸಿದರೆ ಈ ಸಾಕ್ಷಿಯೇ ಅಳಿಸಿಹೋಗುತ್ತದೆ, ಬಳಿಸಿದ ಖರ್ಚೂ ಹಿಂದಿರುಗುವುದಿಲ್ಲ. ಅಲ್ಲಲ್ಲಿ ತುಕ್ಕು ಇದ್ದರೆ ಫೋಟೊ ಸಮೇತ ಮೊದಲೇ ಹೇಳಿಬಿಡುವುದು ಲೇಸು.

ಷೆಲ್ಲಿನ ಜೊತೆಗೇ ಬೇಕಾದದ್ದು ಕಾಗದ: ಮೊದಲ ಖರೀದಿಯ ರಸೀದಿ, ಪಾರ್ಟ್ ನಂಬರಿನ ಚೀಟಿ, ಕೈ ಬದಲಾದಾಗಿನ ಪತ್ರಗಳು. ಈ ಅಂಕಣಕಾರರು ತಮ್ಮ ಹಳೆಯ ಪ್ರೀಮಿಯರ್ ಪದ್ಮಿನಿ ಮಾರಿದಾಗಲೂ ಕೊಳ್ಳಲು ಬಂದವರು ಬಾನೆಟ್ ಎತ್ತುವ ಮೊದಲೇ ಆರ್‌ಸಿ ಪುಸ್ತಕ ಕೇಳಿದ್ದರು. ಷೆಲ್ಲಿಗೆ ಆರ್‌ಸಿಯೂ ಇಲ್ಲ, ಷಾಸಿ ನಂಬರೂ ಇಲ್ಲ; ಹಾಗಾಗಿ ರಸೀದಿಯ ತೂಕ ಇನ್ನೂ ಹೆಚ್ಚು. ನಂಬರಿಲ್ಲದ್ದನ್ನು ನಂಬರಿಲ್ಲದ್ದೆಂದೇ ಬರೆದು ಮಾರಬೇಕು. ಗುಜರಿಗೆ ಹೋದ ಯಾವುದೋ ಕಾರಿನ ನಂಬರನ್ನು ಇದಕ್ಕೆ ಅಂಟಿಸಿದರೆ ಅದು ಮೋಸ.

ತೆರಿಗೆಯಲ್ಲೂ ಒಂದು ತೊಡಕಿದೆ. ಬ್ರಿಟನ್ನಿನಲ್ಲಿ ಸ್ವಂತ ಕಾರು ಮಾರಿ ಬಂದ ಲಾಭಕ್ಕೆ ಬಂಡವಾಳ ಗಳಿಕೆ ತೆರಿಗೆ ಇಲ್ಲ. ಆದರೆ ಬರೀ ಷೆಲ್ ಓಡುವ ವಾಹನವಲ್ಲವಾದ್ದರಿಂದ ಅದಕ್ಕೂ ಈ ವಿನಾಯಿತಿ ಉಂಟೆಂದು ನೆಚ್ಚಿಕೊಳ್ಳುವಂತಿಲ್ಲ. ಮಾರುವ ಬೆಲೆ 6,000 ಪೌಂಡ್ ದಾಟುವುದಾದರೆ ತೆರಿಗೆ ಸಲಹೆಗಾರರನ್ನು ಮೊದಲೇ ಕೇಳಬೇಕು. ವರ್ಷಗಟ್ಟಲೆ ಕಟ್ಟಿದ ಗೋದಾಮಿನ ಬಾಡಿಗೆ, ವಿಮೆ, ಹರಾಜಿನ ಕಮಿಷನ್ ಕಳೆದು ಕೈಗೆಷ್ಟು ಉಳಿಯುತ್ತದೆ ಎಂಬುದೇ ನಿಜವಾದ ಬೆಲೆ.

ಹಣ ಪೂರ್ತಿ ಬ್ಯಾಂಕಿಗೆ ಜಮೆಯಾದ ಮೇಲೆಯೇ ಷೆಲ್ ಟ್ರೈಲರ್ ಏರಬೇಕು. ಚಕ್ರವಿಲ್ಲದ ಮೈಯನ್ನು ಎತ್ತಿ ಸಾಗಿಸುವ ಖರ್ಚು ಯಾರದು, ಎತ್ತುವಾಗ ಬಾಗಿದರೆ ಹೊಣೆ ಯಾರದು ಎಂಬುದೂ ಕರಾರಿನಲ್ಲಿ ಬರೆದಿರಬೇಕು.