ನೀರಿನ ಕೂಲಿಂಗ್: ಯಾವ ಪ್ರೊಸೆಸರ್‌ಗೆ ಯಾವ ಸೆಟ್?

ಡೆಸ್ಕ್‌ಟಾಪ್‌ಗೆ ನೀರಿನ ಕೂಲಿಂಗ್ ಬೇಕೋ ಬೇಡವೋ ಎಂಬುದು ಪ್ರೊಸೆಸರ್ ಎಳೆಯುವ ವಿದ್ಯುತ್ತಿನ ಮೇಲೆ ನಿಂತಿದೆ. 120 ವ್ಯಾಟ್ ದರ್ಜೆಯ ರೈಜನ್ 7 7800ಎಕ್ಸ್3ಡಿಗೆ ಒಳ್ಳೆಯ ಏರ್ ಕೂಲರ್ ಸಾಕು. ಅಲ್ಲಿ ನೀರು ಬರೀ ಶೋಕಿ. ಟರ್ಬೊದಲ್ಲಿ 253 ವ್ಯಾಟ್ ಮುಟ್ಟುವ ಕೋರ್ ಐ9-14900ಕೆಗಾದರೆ 360 ಮಿ.ಮೀ. ರೇಡಿಯೇಟರ್, ಅಂದರೆ 120 ಮಿ.ಮೀ.ನ ಮೂರು ಫ್ಯಾನ್ ಸಾಲಾಗಿ ಕೂರುವಷ್ಟು ಉದ್ದದ್ದು, ಒಳ್ಳೆಯದು. ಕೊಳ್ಳುವ ಮೊದಲು ಕ್ಯಾಬಿನೆಟ್ಟಿನೊಳಗೆ ಟೇಪ್ ಹಿಡಿಯಬೇಕು: 27 ಮಿ.ಮೀ. ರೇಡಿಯೇಟರಿಗೆ 25 ಮಿ.ಮೀ. ಫ್ಯಾನ್ ಸೇರಿದರೆ 52 ಮಿ.ಮೀ. ದಪ್ಪ. ಮೇಲ್ಭಾಗದಲ್ಲಿ ಕೂರಿಸಿದಾಗ ಎತ್ತರದ ರ‍್ಯಾಮ್ ತಾಗುವುದು ಇಲ್ಲೇ.

ಮೊದಲ ಸಲ ಹಾಕಿಸುವವರಿಗೆ ಕಾರ್ಖಾನೆಯಲ್ಲೇ ದ್ರವ ತುಂಬಿ ಮುಚ್ಚಿದ ಸೆಟ್ ಸರಿ. ಪಂಪಿಗಿಂತ ರೇಡಿಯೇಟರಿನ ಮೇಲ್ತುದಿ ಎತ್ತರದಲ್ಲಿರಬೇಕು. ಇಲ್ಲವಾದರೆ ಗಾಳಿಗುಳ್ಳೆ ಪಂಪ್ ಸೇರಿ ಗರಗರ ಸದ್ದು ಶುರು.

ಬಿಡಿಭಾಗ ಜೋಡಿಸಿ ಕಟ್ಟುವ ಲೂಪ್ ಗ್ರಾಫಿಕ್ಸ್ ಕಾರ್ಡನ್ನೂ ತಣಿಸುವುದಾದರೆ ಮಾತ್ರ ಖರ್ಚಿಗೆ ತಕ್ಕದ್ದು. ಅದರಲ್ಲಿ ಚಿಪ್ ಮೇಲೆ ಕೂತು ಬಿಸಿ ಹೀರುವ ತಾಮ್ರದ ಬ್ಲಾಕಿಗೆ ಅಲ್ಯೂಮಿನಿಯಂ ರೇಡಿಯೇಟರ್ ಬೆರೆಸಬಾರದು, ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ನಲ್ಲಿ ನೀರಂತೂ ಬೇಡವೇ ಬೇಡ; ಅದರ ಲವಣ ಬ್ಲಾಕಿನ ಸಣ್ಣ ಗೀರುಗಳಲ್ಲಿ ಗಸಿಯಾಗಿ ಕಟ್ಟಿಕೊಳ್ಳುತ್ತದೆ.

ಯಾವ ಸೆಟ್ಟಾದರೂ ಕೋಣೆಯ ಬಿಸಿಗಿಂತ ಕೆಳಗೆ ತಣಿಸಲಾರದು. ರಾಯಚೂರಿನ ಬೇಸಿಗೆಯ 40 ಡಿಗ್ರಿಯಲ್ಲಿ ಒಳಗಿನ ದ್ರವವೂ 40 ದಾಟಿಯೇ ಇರುತ್ತದೆ.