ಎರಡು ಚಂದನಗಳು

ಸಾಣೆಕಲ್ಲಿನ ಮೇಲೆ ತೇದ ಶ್ರೀಗಂಧದ ಪರಿಮಳವನ್ನು ಅರಿಯದ ವಾಚಕರು ವಿರಳ. ಬಾವು ಬಂದಲ್ಲಿ ರಕ್ತಚಂದನವನ್ನು ತೇದು ಹಚ್ಚುವ ರೂಢಿಯೂ ಹಳೆಯದು. ಹೆಸರಿನ ಸಾಮ್ಯದಿಂದ ಇವೆರಡನ್ನೂ ಒಡಹುಟ್ಟಿದ ಮರಗಳೆಂದು ನಾವು ಭಾವಿಸುವುದುಂಟು. ಭೌತವಿಜ್ಞಾನವನ್ನು ಬೋಧಿಸುವ ನಮಗೆ ಮೊದಲು ತೋಚುವ ಪರೀಕ್ಷೆ ನೀರಿನದು. ಕಾಂಡದ ನಡುವಣ ಗಟ್ಟಿ ಮರವಾದ ಚೇಗನ್ನು ಒಣಗಿಸಿ ನೀರಿಗೆ ಹಾಕಿದರೆ ಶ್ರೀಗಂಧವು ಸಾಮಾನ್ಯವಾಗಿ ತೇಲುವುದು, ರಕ್ತಚಂದನವು ಮುಳುಗುವುದು.

ಸಸ್ಯಶಾಸ್ತ್ರವು ತೋರಿಸುವ ಅಂತರವು ಇದಕ್ಕಿಂತಲೂ ಹೆಚ್ಚಿನದು. ಶ್ರೀಗಂಧವು ಸ್ಯಾಂಟಲಮ್ ಆಲ್ಬಮ್; ಅದರ ಕುಟುಂಬ ಸ್ಯಾಂಟಲೇಸೀ. ಮಾವಿನ ಕೊಂಬೆಯ ಮೇಲೆ ಬೆಳೆಯುವ ಬಂದಳಿಕೆಯೂ ಅದೇ ಗಣಕ್ಕೆ ಸೇರಿದುದು. ರಕ್ತಚಂದನವಾದರೋ ಟೆರೋಕಾರ್ಪಸ್ ಸ್ಯಾಂಟಲೈನಸ್. ಅವರೆ, ತೊಗರಿ, ಹೊಂಗೆಗಳ ಕುಟುಂಬದ್ದು. ನಮ್ಮ ಕಾಡಿನ ಹೊನ್ನೆಯೇ ಅದರ ನಿಜವಾದ ಒಡಹುಟ್ಟು. 'ಸ್ಯಾಂಟಲೈನಸ್' ಎಂದರೆ ಶ್ರೀಗಂಧದಂಥದು ಎಂದರ್ಥ. ಹೆಸರಿಟ್ಟ ಪಂಡಿತರೂ ಲೋಕರೂಢಿಗೆ ಸೋತಂತೆ ಕಾಣುತ್ತದೆ! ರಕ್ತಚಂದನದ ಹೂ ಹಳದಿ, ಕಾಯಿಗೆ ರೆಕ್ಕೆಯುಂಟು. ಅದನ್ನು ಗಾಳಿ ಹರಡುವುದು. ಶ್ರೀಗಂಧದ ಕಪ್ಪು ಹಣ್ಣನ್ನು ಹಕ್ಕಿಗಳು ತಿಂದು ಬೀಜವನ್ನು ಬೇಲಿಗಳಲ್ಲಿ ಉದುರಿಸುವುವು.

ಬೇಲಿಯ ನೆಲೆ ಶ್ರೀಗಂಧಕ್ಕೆ ಅನುಕೂಲವೂ ಹೌದು. ಅದು ಅರೆ ಪರಾವಲಂಬಿ. ಹಸುರೆಲೆಗಳಿಂದ ಆಹಾರವನ್ನು ತಾನೇ ತಯಾರಿಸಿಕೊಂಡರೂ, ನೀರು ಲವಣಗಳಿಗಾಗಿ ಅದರ ಬೇರು ನೆರೆಯ ಗಿಡದ ಬೇರಿಗೆ ಕಚ್ಚಿಕೊಂಡು ಹೀರುವುದು. ಕರ್ನಾಟಕ, ತಮಿಳುನಾಡುಗಳ ಎಲೆಯುದುರುವ ಒಣಕಾಡುಗಳಲ್ಲಿ ಅದಕ್ಕೆ ಇಂಥ ನೆರೆಯವರ ಕೊರತೆಯಿಲ್ಲ. ರಕ್ತಚಂದನದ ನೆಲೆ ಬಹು ಸಂಕುಚಿತ. ಆಂಧ್ರದ ಶೇಷಾಚಲ, ಪಾಲಕೊಂಡ ಮೊದಲಾದ ಪೂರ್ವಘಟ್ಟದ ದಕ್ಷಿಣದ ಕಲ್ಲುಗುಡ್ಡಗಳೇ ಅದರ ಮುಖ್ಯ ತವರು.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಶ್ರೀಗಂಧವು 'ಅಪಾಯಕ್ಕೆ ಈಡಾಗಬಲ್ಲ' ಪ್ರಭೇದ. ರಕ್ತಚಂದನವು ಅದಕ್ಕಿಂತ ಗಂಭೀರವಾದ 'ಅಳಿವಿನಂಚಿನ' ಪ್ರಭೇದ. 2018ರಲ್ಲಿ ಇದನ್ನು ಕಡಮೆ ಅಪಾಯದ ದರ್ಜೆಗೆ ಇಳಿಸಿದ್ದುಂಟು. ಬಳಿಕ ಮತ್ತೆ ಏರಿಸಬೇಕಾಯಿತು. ಎರಡರಲ್ಲಿಯೂ ಬೆಲೆಯುಳ್ಳುದು ಚೇಗು. ಅದು ಕೂಡಲು ದಶಕಗಳು ಬೇಕು, ಪಡೆಯಲು ಮರವನ್ನೇ ಕೆಡಹಬೇಕು. ಶ್ರೀಗಂಧದ ಬೇರಿನಲ್ಲಿಯೂ ತೈಲವಿರುವುದರಿಂದ ಅದನ್ನು ಬುಡಸಹಿತ ಕೀಳುವರು.

ಕಾನೂನಿನ ರಕ್ಷೆ ಹೊಸದಲ್ಲ. 1792ರಲ್ಲಿಯೇ ಟೀಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಆದರೆ ಮರ ದೊರೆಯದು, ಕಾಯುವ ಹೊಣೆ ಮಾತ್ರ ತನ್ನದು ಎಂದಾದ ಮೇಲೆ ರೈತನು ಸಸಿಯನ್ನು ಏಕೆ ಉಳಿಸಿಯಾನು? ಕರ್ನಾಟಕದಲ್ಲಿ 2001ರ ತಿದ್ದುಪಡಿಯಿಂದ ಒಡೆತನವು ಭೂಮಾಲೀಕನಿಗೆ ಬಂದಿತು. ಈ ಕ್ರಮ ಬಹಳ ತಡವಾಯಿತೆಂದೇ ನಮ್ಮ ಅಭಿಪ್ರಾಯ. ರಕ್ತಚಂದನದ ವಿದೇಶ ವ್ಯಾಪಾರಕ್ಕೆ 1995ರಿಂದ ಅಂತರರಾಷ್ಟ್ರೀಯ ಒಪ್ಪಂದದ ನಿರ್ಬಂಧವಿದೆ.

ಈಗ ಶ್ರೀಗಂಧದ ಸಸಿಗಳನ್ನು ಬೆಳೆಸುವವರು ಅವುಗಳ ಮಗ್ಗುಲಲ್ಲಿಯೇ ತೊಗರಿಯನ್ನೂ ಬಿತ್ತುವರು. ಎಳೆಯ ಬೇರಿಗೆ ಮೊದಲ ಆಸರೆ ಅದೇ. ಆ ತೊಗರಿ ರಕ್ತಚಂದನದ ಕುಟುಂಬದ್ದು.