ವೋಲ್ಟೇಜ್ ಇಳಿದಾಗ ಗೀಸರ್ ಎಷ್ಟು ಕಾಯಿಸುತ್ತದೆ?

ಗೀಸರಿನ ಮೈಮೇಲೆ ‘230 ವೋಲ್ಟ್, 2000 ವ್ಯಾಟ್’ ಎಂಬ ಪಟ್ಟಿ ಅಂಟಿಸಿರುತ್ತಾರೆ. ಆ 2000 ವ್ಯಾಟ್ ಸಿಗುವುದು 230 ವೋಲ್ಟ್ ಇದ್ದಾಗ ಮಾತ್ರ. ಬೆಳಗಿನ ಹೊತ್ತು ವೋಲ್ಟೇಜ್ 180ಕ್ಕೆ ಇಳಿದರೆ ಎಷ್ಟು ಸಿಗುತ್ತದೆ? ಹೈಸ್ಕೂಲಿನಲ್ಲಿ ಕಲಿತ ಎರಡು ಸೂತ್ರ ಸಾಕು.

ಮೊದಲನೆಯದು ಜರ್ಮನಿಯ ವಿಜ್ಞಾನಿ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ: ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಓಮ್‌ಗಳಲ್ಲಿ. ಎರಡನೆಯದು: ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ವ್ಯಾಟ್.

ಪಟ್ಟಿಯಿಂದ ಶುರು ಮಾಡಿ. 2000ವನ್ನು 230ರಿಂದ ಭಾಗಿಸಿದರೆ 8.7 ಆಂಪಿಯರ್. ಗೀಸರನ್ನು 6 ಆಂಪಿಯರ್ ಸಾಕೆಟ್ಟಿಗೆ ಹಾಕದೆ 16 ಆಂಪಿಯರಿನದಕ್ಕೇ ಹಾಕಬೇಕು ಎನ್ನುವುದು ಇದಕ್ಕೇ. ಈಗ 230ನ್ನು 8.7ರಿಂದ ಭಾಗಿಸಿ: ಸುಮಾರು 26.4 ಓಮ್. ಇದು ಒಳಗಿನ ಕಾಯಿಲಿನ ರೋಧ. ವೋಲ್ಟೇಜ್ ಏರಲಿ ಇಳಿಯಲಿ, ಇದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

180 ವೋಲ್ಟಿಗೆ ಕರೆಂಟು 180 ಭಾಗಿಸು 26.4, ಅಂದರೆ 6.8 ಆಂಪಿಯರ್. ಎರಡನ್ನೂ ಗುಣಿಸಿದರೆ ಸುಮಾರು 1225 ವ್ಯಾಟ್. ವೋಲ್ಟೇಜ್ ಇಳಿದದ್ದು ಶೇ 22ರಷ್ಟು, ಕಾವು ಇಳಿದದ್ದು ಶೇ 39ರಷ್ಟು! ವೋಲ್ಟೇಜಿನ ಜೊತೆಗೆ ಕರೆಂಟೂ ಇಳಿಯುವುದರಿಂದ ಪೆಟ್ಟು ಎರಡು ಸಲ ಬೀಳುತ್ತದೆ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು 18 ನಿಮಿಷ ಸಾಕಾಗುತ್ತಿದ್ದ ಗೀಸರಿಗೆ ಈಗ ಅರ್ಧ ಗಂಟೆ ಬೇಕು. ಹಾಗೆಂದು ಬಿಲ್ಲಿಗೆ ಹೆದರಬೇಕಿಲ್ಲ. ಎರಡೂ ಸಲ ಸುಡುವುದು ಸುಮಾರು 0.6 ಯೂನಿಟ್ಟೇ.

ಲೆಕ್ಕವನ್ನು ಅಳತೆಯಿಂದ ತಾಳೆ ನೋಡಬಹುದು. ಪ್ಲಗ್ಗನ್ನು ಸಾಕೆಟ್ಟಿನಿಂದ ಪೂರ್ತಿ ಕಿತ್ತು, ನೀರು ತಣ್ಣಗಿರುವಾಗ, ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ಕೆಳಗಿನ ಎರಡು ಪಿನ್ನುಗಳಿಗೆ ಮುಟ್ಟಿಸಿ. 26ರ ಆಸುಪಾಸು ತೋರಿಸಬೇಕು. ಕರೆಂಟು ಅಳೆಯಲು ಕ್ಲ್ಯಾಂಪ್ ಮೀಟರೇ ಕ್ಷೇಮ. ಅದರ ಬಾಯೊಳಗೆ ಫೇಸ್ ತಂತಿ ಒಂದೇ ಇರಬೇಕು. ನ್ಯೂಟ್ರಲ್ಲೂ ಸೇರಿದರೆ ಸೊನ್ನೆ ತೋರಿಸುತ್ತದೆ. ಮಲ್ಟಿಮೀಟರನ್ನು ಆಂಪಿಯರ್‌ಗೆ ತಿರುಗಿಸಿ ಅದರ ಕಡ್ಡಿಗಳನ್ನು ಸಾಕೆಟ್ಟಿಗೆ ತೂರಿಸಲೇಬೇಡಿ. ಅದು ನೇರ ಶಾರ್ಟ್ ಸರ್ಕ್ಯೂಟ್, ಕೈ ಮುಖ ಸುಟ್ಟೀತು. ತಂತಿ ಬಿಚ್ಚುವ ಕೆಲಸವಿದ್ದರೆ ಎಲೆಕ್ಟ್ರೀಷಿಯನ್ನನ್ನೇ ಕರೆಯಿರಿ.

ಇದೇ ಸೂತ್ರ ವೈರಿಗೂ ಸಲ್ಲುತ್ತದೆ. 1 ಚದರ ಮಿಲಿಮೀಟರ್ ತಾಮ್ರದ, 10 ಮೀಟರ್ ಉದ್ದದ ಎಕ್ಸ್‌ಟೆನ್ಶನ್ ವೈರಿನಲ್ಲಿ ಹೋಗಿಬರುವ ದಾರಿ 20 ಮೀಟರ್. ರೋಧ ಸುಮಾರು 0.35 ಓಮ್. ಕರೆಂಟನ್ನು ಅದರಿಂದಲೇ ಗುಣಿಸಿ, ಮತ್ತೆ ರೋಧದಿಂದ ಗುಣಿಸಿ: 8.7 × 8.7 × 0.35, ಅಂದರೆ ಸುಮಾರು 26 ವ್ಯಾಟ್ ಕಾವು ವೈರಿನಲ್ಲೇ. ಹರಡಿಟ್ಟ ವೈರಿನಲ್ಲಿ ಅದು ಗಾಳಿಗೆ ಹೋಗುತ್ತದೆ. ಸುರುಳಿ ಸುತ್ತಿಟ್ಟರೆ ಒಳಗೇ ಕೂಡಿಕೊಂಡು ಮೇಲಿನ ಹೊದಿಕೆ ಕರಗಬಹುದು.

ಈ ಲೆಕ್ಕ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ರಾಡುಗಳಿಗೆ ಸರಿ. ಪಂಪ್‌ಸೆಟ್ಟಿನ ಮೋಟಾರಿಗೆ ಹಚ್ಚಬೇಡಿ. ಭಾರ ಹೊತ್ತ ಮೋಟಾರು ವೋಲ್ಟೇಜ್ ಇಳಿದಾಗ ಕರೆಂಟನ್ನು ಇನ್ನೂ ಹೆಚ್ಚು ಎಳೆಯುತ್ತದೆ, ವೈಂಡಿಂಗ್ ಸುಡುವುದು ಆಗಲೇ. ವೋಲ್ಟೇಜ್ ತೀರಾ ಕಡಿಮೆಯಿದ್ದರೆ ಪಂಪ್ ನಿಲ್ಲಿಸಿಬಿಡಿ.